ಸಂಡೂರಿನ ಅದಿರು ಅಯಸ್ಕಾಂತಕ್ಕೆ ಅಂಟದಿರಲು ಕಾರಣವೇನು?

ಮಗನ ವಿಜ್ಞಾನ ಪ್ರದರ್ಶನಕ್ಕೆಂದು ಮೊಳೆಗೆ ಮನೆ ವೈರಿಂಗಿನ ತಂತಿ 40 ಸುತ್ತು ಸುತ್ತಿ, ಸೆಲ್ಲಿಗೆ ಜೋಡಿಸಿ ವಿದ್ಯುತ್ಕಾಂತ (ಕರೆಂಟು ಹರಿಯುವಾಗ ಮಾತ್ರ ಕೆಲಸ ಮಾಡುವ ಅಯಸ್ಕಾಂತ) ಮಾಡಿದ್ದೀರಿ. ಎರಡೇ ಗುಂಡುಪಿನ್ನು ಎತ್ತುತ್ತದೆ, ಸೆಲ್ ಸುಡುತ್ತದೆ, ಸಂಡೂರಿನ ಕಬ್ಬಿಣದ ಅದಿರಿನ ಕಲ್ಲಂತೂ ಅಲುಗುವುದಿಲ್ಲ. ಸೆಲ್ ಹೆಚ್ಚಿಸಬೇಕೇ ಎಂದು ಕೇಳಿದ್ದೀರಿ. ಬೇಡ. ಇಲ್ಲಿರುವುದು ಎರಡು ಬೇರೆ ಬೇರೆ ತೊಂದರೆ.

ಮೊದಲು ಮೊಳೆ. ವಿದ್ಯುತ್ಕಾಂತದ ಬಲ ಸುತ್ತುಗಳ ಸಂಖ್ಯೆ ಮತ್ತು ಕರೆಂಟು, ಇವೆರಡರ ಗುಣಲಬ್ಧವನ್ನು ಅವಲಂಬಿಸಿದೆ. ನಿಮ್ಮ ದಪ್ಪ ತಂತಿಗೆ ಪ್ರತಿರೋಧವೇ (ಕರೆಂಟಿಗೆ ಒಡ್ಡುವ ತಡೆ) ಇಲ್ಲವೆನ್ನಬಹುದು. ಅಂದರೆ ಸೆಲ್ಲನ್ನು ಶಾರ್ಟ್ ಮಾಡಿದ ಹಾಗೆಯೇ ಆಯಿತು. ಕರೆಂಟಿನ ಶಾಖವೆಲ್ಲ ಸೆಲ್ಲಿನ ಹೊಟ್ಟೆಯಲ್ಲೇ ಉಳಿಯುತ್ತದೆ. ಇನ್ನೊಂದು ಸೆಲ್ ಸೇರಿಸಿದರೆ ಅದೂ ಹಾಗೇ ಕಾಯುತ್ತದೆ.

ಬಳ್ಳಾರಿ, ಸಿರುಗುಪ್ಪ ಕಡೆ ಪಂಪ್‌ಸೆಟ್ ಮೋಟಾರಿನ ಕಾಯಿಲ್ ಕಟ್ಟುವ ಅಂಗಡಿಗಳಿವೆ. ಅಲ್ಲಿ 30 ಗೇಜಿನ ಎನಾಮೆಲ್ (ಕರೆಂಟು ದಾಟದ ತೆಳು ಲೇಪವಿರುವ) ತಾಮ್ರದ ತಂತಿ 8 ಮೀಟರ್ ಕೇಳಿ. ಸತುವಿನ ಲೇಪವಿಲ್ಲದ, 6 ಮಿ.ಮೀ. ದಪ್ಪದ, ಮೂರು ಇಂಚಿನ ಕಪ್ಪು ಬೋಲ್ಟು ತನ್ನಿ. ಅದನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ, ಬೂದಿಯಲ್ಲಿ ಮುಚ್ಚಿ ನಿಧಾನವಾಗಿ ಆರಲು ಬಿಟ್ಟರೆ ಕಬ್ಬಿಣ ಮೆದುವಾಗುತ್ತದೆ. ಆಗ ಕರೆಂಟು ನಿಲ್ಲಿಸಿದ ಕೂಡಲೇ ಪಿನ್ನು ಬಿಟ್ಟುಬಿಡುತ್ತದೆ. ಬೋಲ್ಟಿಗೆ ಕಾಗದ ಸುತ್ತಿ, ಅದರ ಮೇಲೆ 300 ಸುತ್ತು ಒತ್ತೊತ್ತಾಗಿ ಸುತ್ತಿ. ಎರಡನೇ ಪದರಕ್ಕೆ ಹಿಂದಕ್ಕೆ ಬರುವಾಗಲೂ ತಿರುಗಿಸುವ ದಿಕ್ಕು ಅದೇ ಇರಲಿ. ದಿಕ್ಕು ಬದಲಾದರೆ ಒಂದು ಪದರ ಇನ್ನೊಂದನ್ನು ಕೊಲ್ಲುತ್ತದೆ. ತುದಿಗಳಲ್ಲಿ ಎರಡು ಸೆಂ.ಮೀ. ಎನಾಮೆಲನ್ನು ತಾಮ್ರ ಹೊಳೆಯುವ ತನಕ ಉಜ್ಜಿ ತೆಗೆಯಿರಿ. "ಎಲ್ಲ ಸರಿಯಿದೆ, ಕೆಲಸ ಮಾಡುತ್ತಿಲ್ಲ" ಅನ್ನುವಲ್ಲಿ ಬಹುಪಾಲು ತಪ್ಪು ಇಲ್ಲೇ ಇರುತ್ತದೆ. ಈ ಸುರುಳಿಯ ಪ್ರತಿರೋಧ ಸುಮಾರು ಒಂದೂವರೆ ಓಮ್. ಟಾರ್ಚಿನ ಒಂದು ದೊಡ್ಡ ಸೆಲ್ ಸಾಕು, ಹತ್ತು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬೇಡಿ. ಬೈಕಿನ ಬ್ಯಾಟರಿ, ಗೋಡೆಯ ಪ್ಲಗ್ಗು ಎರಡರ ಹತ್ತಿರವೂ ಹೋಗಬೇಡಿ.

ಒತ್ತೊತ್ತಾಗಿ ಸುತ್ತುವುದು ದೊಡ್ಡ ಹೆಜ್ಜೆಯೇ. 1825ರ ಸುಮಾರಿಗೆ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ ಕಬ್ಬಿಣಕ್ಕೆ ವಾರ್ನಿಶ್ ಬಳಿದು, ಬರಿ ತಂತಿಯನ್ನು ಬಿಡಿಬಿಡಿಯಾಗಿ ಸುತ್ತಿದ್ದರು. ಅಮೆರಿಕದ ವಿಜ್ಞಾನಿ ಜೋಸೆಫ್ ಹೆನ್ರಿ ತಂತಿಗೇ ಹೊದಿಕೆ ಕೊಟ್ಟು ಪದರದ ಮೇಲೆ ಪದರ ಸುತ್ತಿದ ಮೇಲೆ ಬಲ ಬಹುಪಟ್ಟು ಏರಿತು.

ಇನ್ನು ಅದಿರು. ಈ ಹೊಸ ಕಾಂತವೂ ಅದನ್ನು ಎತ್ತುವುದಿಲ್ಲ. ಸಂಡೂರಿನ ಅದಿರು ಮುಖ್ಯವಾಗಿ ಹೆಮಟೈಟ್, ಅಂದರೆ ಕಬ್ಬಿಣ ಮತ್ತು ಆಮ್ಲಜನಕ ಸೇರಿದ ಖನಿಜ. ಶುದ್ಧ ಹೆಮಟೈಟಿನ ತೂಕದಲ್ಲಿ ಸುಮಾರು 70 ಶೇಕಡಾ ಕಬ್ಬಿಣವೇ ಇದ್ದರೂ ಅಕ್ಕಪಕ್ಕದ ಕಬ್ಬಿಣದ ಪರಮಾಣುಗಳ ಕಾಂತತೆ ಎದುರುಬದುರಾಗಿ ನಿಂತು ಹೆಚ್ಚುಕಡಿಮೆ ಪೂರ್ತಿ ರದ್ದಾಗುತ್ತದೆ. ಅದೇ ಎರಡರಿಂದಾದ, ಆಮ್ಲಜನಕ ಸ್ವಲ್ಪ ಕಡಿಮೆಯಿರುವ ಮ್ಯಾಗ್ನೆಟೈಟಿನಲ್ಲಿ ಹೀಗೆ ಪೂರ್ತಿ ರದ್ದಾಗುವುದಿಲ್ಲ, ಅದಕ್ಕೇ ಅದು ಅಂಟುತ್ತದೆ. ಟೈಲ್ಸಿನ ಹಿಂಬದಿಯ ಒರಟು ಭಾಗಕ್ಕೆ ಕಲ್ಲು ಉಜ್ಜಿ ನೋಡಿ: ಗೆರೆ ಕಾವಿಯಂತೆ ಕೆಂಪಾದರೆ ಹೆಮಟೈಟ್, ಕಪ್ಪಾದರೆ ಮ್ಯಾಗ್ನೆಟೈಟ್.

ಪ್ರದರ್ಶನಕ್ಕೆ ಮೊಳೆಗಿಂತ, ಅಂಟದ ಅದಿರನ್ನು ಅಂಟುವಂತೆ ಮಾಡುವುದನ್ನೇ ತೋರಿಸಿ ಎನ್ನುತ್ತೇನೆ. ಅದಿರನ್ನು ಕಲ್ಲಿನ ಮೇಲೆ ಕಲ್ಲಿನಿಂದಲೇ ಕುಟ್ಟಿ ನುಣ್ಣಗೆ ಮಾಡಿ. ಕಬ್ಬಿಣದ ಹಾರೆ, ಸುತ್ತಿಗೆ ಬಳಸಿದರೆ ಅದರ ಚೂರೇ ಕಾಂತಕ್ಕೆ ಅಂಟಿ ಮೋಸ ಮಾಡುತ್ತದೆ. ಪುಡಿ ಅಂಟುವುದಿಲ್ಲ ಎಂದು ಮೊದಲೇ ಪರೀಕ್ಷಿಸಿಕೊಳ್ಳಿ. ಐದು ಚಮಚ ಪುಡಿಗೆ ಒಂದು ಚಮಚ ಇದ್ದಿಲಪುಡಿ ಬೆರೆಸಿ ಮಣ್ಣಿನ ಕುಡಿಕೆಗೆ ಹಾಕಿ, ಮುಚ್ಚಳವನ್ನು ಜೇಡಿಮಣ್ಣಿನಿಂದ ಮೆತ್ತಿ, ಸೂಜಿಯಷ್ಟು ತೂತು ಬಿಡಿ. ಬಯಲಲ್ಲಿ ಕೆಂಡದ ನಡುವೆ ಇಟ್ಟು, ಕುಡಿಕೆ ಚೆನ್ನಾಗಿ ಕೆಂಪಗಾದ ಮೇಲೆ ಅರ್ಧ ಗಂಟೆ ಕಾಯಿಸಿ. ಕಣ್ಣಿಗೆ ಕಾಣದ ವಿಷಾನಿಲ ಬರುವುದರಿಂದ ಮನೆಯೊಳಗೆ ಬೇಡ, ಮಗನ ಜೊತೆ ನೀವೂ ಇರಿ. ಇದ್ದಿಲು ಅದಿರಿನ ಆಮ್ಲಜನಕವನ್ನು ಸ್ವಲ್ಪ ಕಿತ್ತುಕೊಂಡು ಮ್ಯಾಗ್ನೆಟೈಟ್ ಉಳಿಸುತ್ತದೆ. ಪೂರ್ತಿ ಆರುವ ತನಕ ಮುಚ್ಚಳ ತೆರೆಯಬೇಡಿ; ಬಿಸಿಯಲ್ಲೇ ತೆರೆದರೆ ಗಾಳಿ ತಗುಲಿ ಮತ್ತೆ ಕೆಂಪಾಗುತ್ತದೆ. ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಯೇ ಕಪ್ಪುಪುಡಿಗೆ ಹಿಡಿಯಿರಿ, ಇಲ್ಲದಿದ್ದರೆ ಬಿಡಿಸುವುದು ಕಷ್ಟ.