ಅಮೆರಿಕದ ಬಂದೂಕು ಕಂಪನಿ ರೂಗರ್‌ನ ಕೈಗೆ ಬಂದ ಮೇಲೆ ಮಾರ್ಲಿನ್ ರೈಫಲ್‌ಗಳು ನಿಜವಾಗಿ ಸುಧಾರಿಸಿವೆಯೇ?

ಸುಧಾರಿಸಿವೆ, ಅನುಮಾನ ಬೇಡ. ಆದರೆ ನಡುವೆ ಕೆಟ್ಟದ್ದು ಹೇಗೆಂದು ತಿಳಿಯದೆ ಈ ಚೇತರಿಕೆಯ ಬೆಲೆ ಅರ್ಥವಾಗುವುದಿಲ್ಲ.

ಜಾನ್ ಮಾರ್ಲಿನ್ 1870ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಆರಂಭಿಸಿದ ಕಂಪನಿ ಇದು; ಲಿವರ್ ಎಳೆದು ಗುಂಡು ಏರಿಸುವ ಬೇಟೆ ರೈಫಲ್‌ಗಳಿಗೆ ಹೆಸರುವಾಸಿ. 2008ರ ಹೊತ್ತಿಗೆ ಇನ್ನೊಂದು ಬಂದೂಕು ಕಂಪನಿ ರೆಮಿಂಗ್ಟನ್‌ನ ಪಾಲಾಯಿತು. ಮುಂದೆ ಕನೆಕ್ಟಿಕಟ್‌ನ ನಾರ್ತ್ ಹೇವನ್‌ನಲ್ಲಿದ್ದ ಮಾರ್ಲಿನ್ ಕಾರ್ಖಾನೆ ಮುಚ್ಚಿ ಕೆಲಸ ನ್ಯೂಯಾರ್ಕ್ ರಾಜ್ಯದ ಇಲಿಯನ್‌ಗೆ ಹೋಯಿತು. ಯಂತ್ರಗಳೇನೋ ಹೋದವು, ಅವುಗಳ ಸ್ವಭಾವ ಬಲ್ಲ ಹಳೆಯ ಕೆಲಸಗಾರರು ಹೋಗಲಿಲ್ಲ. ಸವೆದ ಯಂತ್ರದಿಂದಲೂ ಅಳತೆಗೆ ಸರಿಯಾದ ಬಿಡಿಭಾಗ ತೆಗೆಯುವ ಕೈಪಳಗಿಕೆ ಅವರೊಂದಿಗೇ ಹಿಂದೆ ಉಳಿಯಿತು. ಓರೆಯಾಗಿ ಕೂತ ಗುರಿಕಡ್ಡಿ, ಮರಕ್ಕೂ ಲೋಹಕ್ಕೂ ನಡುವೆ ಸಂದು, ತೊಡರುವ ಲಿವರ್: ಆ ಕಾಲದ ಗ್ರಾಹಕರ ದೂರುಗಳು ಇವೇ. ಅಷ್ಟು ಹಳೆಯ ಹೆಸರಿಗೆ ಆ ಗತಿ ಬರಬಾರದಿತ್ತು.

2020ರಲ್ಲಿ ರೆಮಿಂಗ್ಟನ್ ದಿವಾಳಿಯಾದಾಗ ರೂಗರ್ ಸುಮಾರು 2.8 ಕೋಟಿ ಡಾಲರ್‌ಗೆ ಮಾರ್ಲಿನ್ ಅನ್ನು ಕೊಂಡಿತು. ಹೆಸರನ್ನು ಅಚ್ಚೊತ್ತಿ ಮಾರುಕಟ್ಟೆಗೆ ತಳ್ಳಲಿಲ್ಲ. ವರ್ಷಕ್ಕೂ ಹೆಚ್ಚು ಸಮಯ ತೆಗೆದುಕೊಂಡು ನಾರ್ತ್ ಕೆರೊಲಿನಾದ ಮೇಯೋಡನ್‌ನಲ್ಲಿ ಉತ್ಪಾದನೆಯನ್ನು ಹೊಸದಾಗಿ ಕಟ್ಟಿತು. ನಳಿಗೆಗೆ ಉಕ್ಕನ್ನು ಕಾಯಿಸದೆಯೇ ಬಡಿದು ರೂಪಿಸುವ ತನ್ನ ವಿಧಾನವನ್ನೇ ತಂದಿತು. 2021ರ ಕೊನೆಯಲ್ಲಿ 1895 ಎಸ್‌ಬಿಎಲ್ ಎಂಬ ಮಾದರಿ ಬಂತು, 2023ರಲ್ಲಿ 336 ಕ್ಲಾಸಿಕ್. ಮರದ ಜೋಡಣೆಯೂ ಲಿವರ್‌ನ ನಯವೂ ರೆಮಿಂಗ್ಟನ್ ಕಾಲದವುಗಳಿಗಿಂತ ಸ್ಪಷ್ಟವಾಗಿ ಮೇಲು.

ಬಳಸಿದ ರೈಫಲ್ ಕೊಳ್ಳುವವರು ಗುರುತು ನೋಡಲಿ: ನಳಿಗೆಯ ಮೇಲೆ 'ಜೆಎಂ' ಮುದ್ರೆಯಿದ್ದರೆ ಹಳೆಯ ಮಾರ್ಲಿನ್, ಕ್ರಮಸಂಖ್ಯೆ 'ಆರ್‌ಎಂ' ಎಂದು ಆರಂಭವಾದರೆ ರೂಗರ್ ತಯಾರಿಸಿದ್ದು.