ಓದುಗರ ಪ್ರಶ್ನೆ: ಲೈನ್ ಮನೆಗಳಿಗೆ ಸೋಪು, ಪೇಸ್ಟು, ಪ್ಯಾಡು

ಪ್ರಶ್ನೆ: ಕಾಫಿ ಕೊಯ್ಲಿಗೆ ಹೊರ ರಾಜ್ಯಗಳಿಂದ ಬಂದ ಕುಟುಂಬಗಳು ನಮ್ಮ ಸುತ್ತಲಿನ ತೋಟಗಳ ಲೈನ್ ಮನೆಗಳಲ್ಲಿ (ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಮನೆಗಳಲ್ಲಿ) ಇವೆ. ನಮ್ಮ ಮಹಿಳಾ ಸಂಘದಿಂದ ಸೋಪು, ಪೇಸ್ಟು, ಪ್ಯಾಡಿನ ಕಿಟ್ ಕೊಡಬೇಕೆಂದಿದ್ದೇವೆ. ಏನೇನು, ಎಷ್ಟೆಷ್ಟು ಹಾಕಬೇಕು? ಬಟ್ಟೆ ಪ್ಯಾಡ್ ಕೊಡುವುದು ಸರಿಯೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಅಂಗಡಿಗೆ ಹೋಗುವ ಮೊದಲು ಲೈನಿಗೆ ಹೋಗಿಬನ್ನಿ. ತೋಟದ ಲೆಕ್ಕ ಬರೆಯುವ ರೈಟರ ಹತ್ತಿರ ಕೇಳಿದರೆ ಸಿಗುವುದು ಹಾಜರಿ ಪುಸ್ತಕವಾದ ಚೆಕ್‌ರೋಲ್‌ನಲ್ಲಿರುವ ದುಡಿಯುವವರ ಹೆಸರು. ಮನೆಯಲ್ಲಿರುವ ಮಕ್ಕಳು, ವಯಸ್ಸಾದವರು ಅದರಲ್ಲಿ ಬರುವುದಿಲ್ಲ. ಕಿಟ್ ಕಡಿಮೆ ಬೀಳುವುದು ಇಲ್ಲೇ.

ನಾಲ್ಕು ಜನರ ಮನೆಗೆ ತಿಂಗಳಿಗೆ 100 ಗ್ರಾಂನ ಮೈಸೋಪು ನಾಲ್ಕು, 250 ಗ್ರಾಂನ ಬಟ್ಟೆ ಸೋಪು ನಾಲ್ಕು, 200 ಗ್ರಾಂ ಪೇಸ್ಟು, ತಲೆಗೊಂದು ಮೃದು ಬ್ರಷ್ಷು ಇರಲಿ. ಒಂದು ಮನೆಯ ಬ್ರಷ್ಷುಗಳು ಬೇರೆಬೇರೆ ಬಣ್ಣದವಾಗಿರಲಿ, ಇಲ್ಲದಿದ್ದರೆ ಯಾರದ್ದು ಯಾರದ್ದೋ ಆಗುತ್ತದೆ. ಪೇಸ್ಟು ಫ್ಲೋರೈಡ್ ಇರುವಂಥದ್ದೇ ಆಗಲಿ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಸಾಕೆಂದು ಕೊಡುವಾಗಲೇ ಬ್ರಷ್ಷಿನ ಮೇಲೆ ಹಾಕಿ ತೋರಿಸಿ. ಮೈಸೋಪಿನ ಪೊಟ್ಟಣದ ಮೇಲೆ ಒಟ್ಟು ಕೊಬ್ಬಿನಂಶ, ಅಂದರೆ ಟಿಎಫ್‌ಎಂ ನೋಡಿ: 76% ಅಥವಾ ಹೆಚ್ಚಿದ್ದರೆ ಮೊದಲ ದರ್ಜೆ. ಅಗ್ಗದ್ದು ನೀರು ತಾಗಿದರೆ ಮೆತ್ತಗಾಗಿ ವಾರಕ್ಕೇ ಸವೆದುಹೋಗುತ್ತದೆ. ತೂತಿರುವ ಸೋಪಿನ ಡಬ್ಬಿಯೊಂದನ್ನು ಸೇರಿಸಿದರೆ ಇನ್ನೂ ಒಳ್ಳೆಯದು. ಅಕ್ಕಿ, ಬೇಳೆಯ ಚೀಲದಲ್ಲಿ ಮಾತ್ರ ಸೋಪು ತುಂಬಬೇಡಿ, ಅನ್ನಕ್ಕೆ ವಾಸನೆ ಹಿಡಿಯುತ್ತದೆ.

ಹೆಚ್ಚು ಕಿಟ್‌ಗಳು ಸೋಲುವುದು ಪ್ಯಾಡಿನಲ್ಲಿ. ಎಂಟು ಪ್ಯಾಡಿನ ಒಂದು ಪ್ಯಾಕ್ ಹಾಕಿ ಕೈತೊಳೆದುಕೊಳ್ಳುತ್ತಾರೆ. ಆರು ಗಂಟೆಗೊಮ್ಮೆ ಬದಲಿಸಿದರೆ ದಿನಕ್ಕೆ ನಾಲ್ಕು. ಎಂಟು ಎರಡೇ ದಿನಕ್ಕೆ ಮುಗಿಯಿತು. ಉಳಿದ ದಿನಗಳಲ್ಲಿ ಒಂದನ್ನೇ ಬೆಳಗಿನಿಂದ ಸಂಜೆವರೆಗೆ ಇಟ್ಟುಕೊಂಡು ತೊಡೆಸಂದಿ ಕೆರೆದು ಹುಣ್ಣಾಗುತ್ತದೆ. ಒಬ್ಬರಿಗೆ ತಿಂಗಳಿಗೆ 16 ಲೆಕ್ಕ ಹಿಡಿಯಿರಿ. ದುಡ್ಡು ಸಾಲದಿದ್ದರೆ ಜನೌಷಧಿ ಕೇಂದ್ರದಲ್ಲಿ ‘ಸುವಿಧಾ’ ಪ್ಯಾಡ್ ಅಗ್ಗಕ್ಕೆ ಸಿಗುತ್ತದೆ. ಅದಕ್ಕೂ ಮುಂಚೆ ಇನ್ನೊಂದನ್ನು ವಿಚಾರಿಸಿ: ಒಳಚಡ್ಡಿ ಇದೆಯೇ? ಅದಿಲ್ಲದೆ ಪ್ಯಾಡ್ ಅಂಟಿಸುವುದೆಲ್ಲಿ? 80ರಿಂದ 100 ಸೆಂ.ಮೀ.ವರೆಗಿನ ಅಳತೆಗಳಲ್ಲಿ ತಂದು, ಹೆಂಗಸರೇ ಹೆಂಗಸರಿಗೆ ಕೇಳಿ ತಲಾ ಎರಡು ಕೊಡಿ. ಫೋಟೋ ತೆಗೆಯುವ ಗೋಜಿಗೆ ಹೋಗಬೇಡಿ.

ಬಟ್ಟೆ ಪ್ಯಾಡ್ ಬೇಕೆಂದು ಅವರೇ ಕೇಳಿದರೆ ಕೊಡಿ. ಅದಕ್ಕೆ ನೀರು, ಸೋಪು, ಬಿಸಿಲು ಮೂರೂ ಬೇಕು. ಕೊಯ್ಲಿನ ದಿನಗಳಲ್ಲಿ ಬಿಸಿಲೇನೋ ಇದೆ, ಆದರೆ ನಾಚಿಕೆಗೆ ಸೀರೆಯಡಿ ಮುಚ್ಚಿ ಒಣಗಿಸಿದರೆ ಒಳಗೆ ತೇವ ಉಳಿಯುತ್ತದೆ. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಅದು ಒಣಗುವ ಮಾತೇ ಇಲ್ಲ, ಬೂಷ್ಟು ಹಿಡಿಯುತ್ತದೆ.

ಬಳಸಿದ ಪ್ಯಾಡನ್ನು ಕಕ್ಕಸಿಗೆ ಹಾಕಿದರೆ ಪೈಪು ಕಟ್ಟಿಕೊಂಡು ಇಡೀ ಲೈನಿಗೆ ತೊಂದರೆ. ಸುತ್ತಲು ಹಳೆ ಪೇಪರು, ಲೈನಿಗೊಂದು ಮುಚ್ಚಳದ ಬಕೆಟ್ಟು ಕೊಟ್ಟು, ಪಂಚಾಯಿತಿಯ ಕಸದ ಗಾಡಿ ಅಲ್ಲಿವರೆಗೆ ಬರುತ್ತದೆಯೇ ಎಂದು ತೋಟದವರೊಡನೆ ಮಾತಾಡಿ.

ಪ್ರಶ್ನೆ: ನಮ್ಮ ಹೋಂಸ್ಟೇಯಲ್ಲಿ ಅತಿಥಿಗಳು ಬಿಟ್ಟುಹೋದ ಸಣ್ಣ ಸೋಪು, ಶಾಂಪೂ ರಾಶಿ ಬಿದ್ದಿದೆ. ದಾನ ಮಾಡಬಹುದೇ?
– ಚಿಕ್ಕಮಗಳೂರು

ಉತ್ತರ: ಬಿಚ್ಚಿದ್ದು ಬೇಡ, ನಿಮ್ಮಲ್ಲೇ ನೆಲ ತೊಳೆಯಲು ಆಗುತ್ತದೆ. ಬಿಚ್ಚದೇ ಇರುವುದನ್ನು ತಾರೀಖು ನೋಡಿ ಬೇರ್ಪಡಿಸಿ. ಆ ಸಣ್ಣ ತುಂಡು ಮನೆಗೆ ಸಾಲದು, ಆದರೆ ಆಸ್ಪತ್ರೆಯಲ್ಲಿ ರೋಗಿಯ ಜೊತೆ ಎರಡು ರಾತ್ರಿ ಉಳಿಯುವವರಿಗೆ ಹೇಳಿ ಮಾಡಿಸಿದಂತಿರುತ್ತದೆ. ವಾರ್ಡಿನ ಸಿಸ್ಟರ್ ಅನುಮತಿ ಪಡೆದು ಕೊಡಿ.

ಪ್ರಶ್ನೆ: ಲೈನಿನ ಮಕ್ಕಳಿಗೆ ಬೆರಳ ಸಂದಿಯಲ್ಲಿ ಗುಳ್ಳೆ, ರಾತ್ರಿಯೆಲ್ಲ ತುರಿಕೆ. ಔಷಧಿ ಸೋಪು ಹಂಚಿದರೆ ಹೋಗುತ್ತದೆಯೇ?
– ಸಕಲೇಶಪುರ

ಉತ್ತರ: ಹೋಗುವುದಿಲ್ಲ. ಲಕ್ಷಣ ನೋಡಿದರೆ ಕಜ್ಜಿ ಇರಬಹುದು. ಅದರ ಹುಳು ಚರ್ಮದೊಳಗೆ ಕೊರೆದು ಕೂತಿರುತ್ತದೆ, ಸೋಪು ಅಲ್ಲಿಗೆ ಮುಟ್ಟುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ತೋರಿಸಿ. ಸಾಮಾನ್ಯವಾಗಿ ಕೊಡುವ 5% ಪರ್ಮೆಥ್ರಿನ್ ಕ್ರೀಮನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಬೇಕು, ವಾರದ ನಂತರ ಇನ್ನೊಮ್ಮೆ. ತುರಿಕೆ ಇಲ್ಲದವರೂ ಸೇರಿ ಮನೆಮಂದಿಯೆಲ್ಲ ಒಂದೇ ರಾತ್ರಿ ಹಚ್ಚದಿದ್ದರೆ ಮತ್ತೆ ಒಬ್ಬರಿಂದೊಬ್ಬರಿಗೆ ಸುತ್ತು ಹೊಡೆಯುತ್ತದೆ. ಎಳೆ ಕೂಸು, ಬಸುರಿಯರಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಹೊದಿಕೆ, ಬಟ್ಟೆಗಳನ್ನು ಅದೇ ಬೆಳಿಗ್ಗೆ ಬಿಸಿನೀರಿನಲ್ಲಿ ಒಗೆಯಲಿ. ಒಗೆಯಲಾಗದ ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ವಾರ ಇಟ್ಟರೆ ಸಾಕು. ನೀವು ಕೊಡುವುದಾದರೆ ಮನೆಗೆ ನಾಲ್ಕು ಬಟ್ಟೆ ಸೋಪು, ಒಂದು ದೊಡ್ಡ ಬಕೆಟ್ಟು ಕೊಡಿ.