ಮೊದಲ ಸಲ ಚೆಸ್ ಟೂರ್ನಮೆಂಟ್‌ಗೆ ಹೋಗುತ್ತಿದ್ದೇನೆ, ಹೇಗೆ ತಯಾರಾಗಲಿ?

ನೀವು ಕೊಪ್ಪಳದವರು. ಎರಡು ವರ್ಷದಿಂದ ಫೋನಿನಲ್ಲಿ ಮಾತ್ರ ಆಡಿದ್ದೀರಿ. ಮುಂದಿನ ತಿಂಗಳು ಬಳ್ಳಾರಿಗೆ ಬಂದು ಎದುರಿಗೆ ಕೂತವರ ಜೊತೆ ಆಡಬೇಕು, ಅದಕ್ಕೆ ಯಾವ ಓಪನಿಂಗ್ (ಆಟದ ಶುರುವಿನ ನಡೆಗಳು) ಕಲಿಯಲಿ ಅಂತ ಕೇಳಿದ್ದೀರಿ. ಹೊಸ ಓಪನಿಂಗ್ ಯಾವುದೂ ಬೇಡ. ಈಗ ಆಡುತ್ತಿರುವುದನ್ನೇ ಆಡಿ. ಈ ಒಂದು ತಿಂಗಳು ನಿಮ್ಮ ಕೈ ಮತ್ತು ಕಣ್ಣಿಗೆ ಅಭ್ಯಾಸ ಮಾಡಿಸಿ. ಫೋನಿನಿಂದ ಬಂದವರು ಮೊದಲ ಟೂರ್ನಮೆಂಟಿನಲ್ಲಿ ಸೋಲುವುದು ಹೆಚ್ಚಾಗಿ ಅಲ್ಲೇ.

ನಾನು ಬಳ್ಳಾರಿಯವನು, ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನನ್ನ ಮೊದಲ ಟೂರ್ನಮೆಂಟ್ ಬೆಂಗಳೂರಿನಲ್ಲಿತ್ತು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ, ನಿದ್ದೆ ಬರಲಿಲ್ಲ, ಬೆಳಿಗ್ಗೆ ಇಳಿದವನು ಸೀದಾ ಹಾಲ್‌ಗೆ ಹೋದೆ. ಎದುರಿಗೆ ಹತ್ತು ವರ್ಷದ ಹುಡುಗ. ಹದಿನೈದನೇ ನಡೆಯ ಹೊತ್ತಿಗೆ ನನ್ನ ಆಟವೇ ಸ್ವಲ್ಪ ಮೇಲಿತ್ತು. ಕುದುರೆ ಎತ್ತಿದೆ. ಎತ್ತಿದ ಮೇಲೆ ಗೊತ್ತಾಯಿತು, ಅದನ್ನು ಅಲ್ಲಿಂದ ತೆಗೆದರೆ ರಾಣಿ ಹೋಗುತ್ತದೆ. ವಾಪಸ್ ಅದೇ ಮನೆಯಲ್ಲಿ ಇಟ್ಟೆ. ಹುಡುಗ ಮೆಲ್ಲಗೆ, "ಅಂಕಲ್, ಮುಟ್ಟಿದ್ದೀರಿ" ಅಂದ. ಅವನು ಹೇಳಿದ್ದು ಸರಿ. ಕುದುರೆಯನ್ನೇ ನಡೆಸಬೇಕಾಯಿತು, ರಾಣಿ ಹೋಯಿತು, ಆಟವೂ ಹೋಯಿತು. ಮುಟ್ಟಿದ ಕಾಯಿಯನ್ನೇ ನಡೆಸಬೇಕು ಅನ್ನುವ ನಿಯಮ ನನಗೆ ಗೊತ್ತಿರಲಿಲ್ಲ ಅಂತಲ್ಲ, ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಫೋನಿನಲ್ಲಿ ಕಾಯಿಯ ಮೇಲೆ ಬೆರಳಿಟ್ಟು, ಬೇಡ ಅನಿಸಿದರೆ ಬಿಟ್ಟುಬಿಡಬಹುದು, ಅಲ್ವಾ? ಸಾವಿರಾರು ಆಟ ಹಾಗೆ ಆಡಿದ ಕೈ ಅದು.

ಹಾಗಾಗಿ ಇವತ್ತೇ ಒಂದು ಬೋರ್ಡ್ ತಂದುಕೊಳ್ಳಿ. ಟೂರ್ನಮೆಂಟಿನ ಕರಪತ್ರವನ್ನು ಪೂರ್ತಿ ಓದಿ. ನಮ್ಮ ಕಡೆ ಎಷ್ಟೋ ಸಲ ಬೋರ್ಡ್, ಕಾಯಿ, ಗಡಿಯಾರ ಆಟಗಾರರೇ ತರಬೇಕು ಅಂತ ಬರೆದಿರುತ್ತಾರೆ. ಫಿಡೆ (ಅಂತರರಾಷ್ಟ್ರೀಯ ಚೆಸ್ ಸಂಸ್ಥೆ) ರೇಟಿಂಗ್, ಅಂದರೆ ಆಟದ ಮಟ್ಟ ತೋರಿಸುವ ಅಂಕ, ಇರುವ ಟೂರ್ನಮೆಂಟ್ ಆದರೆ ಅಖಿಲ ಭಾರತ ಚೆಸ್ ಫೆಡರೇಷನ್ನಿನಲ್ಲಿ ನೋಂದಣಿ ಆಗಿರಬೇಕು, ಫಿಡೆ ಐಡಿಯೂ ಬೇಕು. ಇದನ್ನು ಕೊನೆಯ ವಾರಕ್ಕೆ ಬಿಡಬೇಡಿ.

ಮನೆಯಲ್ಲಿ ಅಭ್ಯಾಸ ಹೀಗೆ ಮಾಡಿ. ಭಾನುವಾರಕ್ಕೊಬ್ಬ ಗೆಳೆಯನನ್ನು ಕರೆಯಿರಿ. ಒಬ್ಬೊಬ್ಬರಿಗೆ ಒಂದು ಗಂಟೆ, ನಡುವೆ ಗಡಿಯಾರ, ಪಕ್ಕದಲ್ಲಿ ನೋಟ್‌ಬುಕ್ಕು. ಮುಟ್ಟಿದ ಕಾಯಿ ನಡೆಸಲೇಬೇಕು, ಎದುರಾಳಿಯ ಕಾಯಿ ಮುಟ್ಟಿದರೆ ಹೊಡೆಯಲೇಬೇಕು. ಯೋಚಿಸುವಾಗ ಎರಡೂ ಕೈ ತೊಡೆಯ ಮೇಲಿರಲಿ. ನಡೆ ಗಟ್ಟಿಯಾದ ಮೇಲೆ ಮಾತ್ರ ಕೈ ಮೇಲೆ ಬರಬೇಕು. ಕಾಯಿ ಮನೆಯ ನಡುವೆ ಇಲ್ಲ, ಸರಿ ಮಾಡಬೇಕು ಅನಿಸಿದರೆ ನಿಮ್ಮ ಸರದಿಯಲ್ಲಿ ಮೊದಲು "ಅಡ್ಜಸ್ಟ್" ಅಂತ ಹೇಳಿ, ಆಮೇಲೆ ಮುಟ್ಟಿ. ಮುಟ್ಟಿದ ಮೇಲೆ ಹೇಳಿದರೆ ನಡೆಯುವುದಿಲ್ಲ.

ಕ್ಯಾಸಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಮಾಡುವಾಗ ಮೊದಲು ರಾಜನನ್ನು ಎತ್ತಬೇಕು, ಅದೂ ಒಂದೇ ಕೈಯಲ್ಲಿ. ಆನೆಯನ್ನು ಮೊದಲು ಮುಟ್ಟಿದರೆ ಆ ನಡೆಯಲ್ಲಿ ಆ ಕಡೆ ಕ್ಯಾಸಲಿಂಗ್ ಇಲ್ಲ, ಆನೆಯನ್ನೇ ನಡೆಸಬೇಕು. ಯಾವ ಕೈಯಿಂದ ಕಾಯಿ ನಡೆಸಿದಿರೋ ಅದೇ ಕೈಯಿಂದ ಗಡಿಯಾರ ಒತ್ತಬೇಕು. ಪಾನ್ (ಕಾಲಾಳು) ಕೊನೆಯ ಮನೆಗೆ ಹೋಗಿ ರಾಣಿಯಾಗಬೇಕಾದಾಗ ಜಾಸ್ತಿ ಜನ ಎಡವುತ್ತಾರೆ. ಪಾನ್ ಅಲ್ಲೇ ಬಿಟ್ಟು ಗಡಿಯಾರ ಒತ್ತಿದರೆ ಅದು ತಪ್ಪು ನಡೆ, ಅಂದರೆ ನಿಯಮ ಮೀರಿದ ನಡೆ. ಹತ್ತಿರ ಇನ್ನೊಂದು ರಾಣಿ ಇಲ್ಲ ಅಂತ ಆನೆಯನ್ನು ತಲೆಕೆಳಗೆ ಇಡುವುದು ಮನೆ ಆಟದಲ್ಲಿ ರೂಢಿ. ಹಾಲ್‌ನಲ್ಲಿ ತಲೆಕೆಳಗಾದ ಆನೆಯೂ ಆನೆಯೇ. ಗಡಿಯಾರ ನಿಲ್ಲಿಸಿ, ಆರ್ಬಿಟರ್ (ತೀರ್ಪುಗಾರ) ಹತ್ತಿರ ರಾಣಿ ಕೇಳಿ ತೆಗೆದುಕೊಳ್ಳಿ. ಕ್ಲಾಸಿಕಲ್ ಆಟದಲ್ಲಿ, ಅಂದರೆ ಒಬ್ಬೊಬ್ಬರಿಗೆ ಒಂದು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಮೊದಲ ತಪ್ಪು ನಡೆಗೆ ಎದುರಾಳಿಗೆ 2 ನಿಮಿಷ ಜಾಸ್ತಿ ಸಿಗುತ್ತದೆ. ಎರಡನೇ ಸಲ ಆದರೆ ಆಟವೇ ಹೋಗುತ್ತದೆ.

ಇನ್ನೊಂದು ವಿಷಯ. ರಾಜನಿಗೆ ಚೆಕ್ ಬಂದರೆ ಫೋನು ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ಇಲ್ಲಿ ಯಾರೂ ತೋರಿಸುವುದಿಲ್ಲ, ಎದುರಾಳಿ "ಚೆಕ್" ಅಂತ ಹೇಳಬೇಕು ಅನ್ನುವ ನಿಯಮವೂ ಇಲ್ಲ. ಚೆಕ್ ಕಾಣದೆ ಬೇರೆ ಕಾಯಿ ನಡೆಸಿ ಗಡಿಯಾರ ಒತ್ತಿದರೆ ಅದೂ ತಪ್ಪು ನಡೆಯೇ.

ಅಜ್ಜನ ಹತ್ತಿರವೋ ಊರ ಕಟ್ಟೆಯ ಮೇಲೋ ಚದುರಂಗ ಕಲಿತಿದ್ದರೆ ಕೆಲವು ಹಳೆಯ ನಿಯಮ ತಲೆಯಲ್ಲಿ ಉಳಿದಿರಬಹುದು. ನನ್ನ ಅಜ್ಜನ ಆಟದಲ್ಲಿ ಪಾನ್ ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತಿತ್ತು, ಕ್ಯಾಸಲಿಂಗ್ ಇರಲಿಲ್ಲ. ಆ ಆಟದ ಬಗ್ಗೆ ನನಗೆ ಈಗಲೂ ಗೌರವ ಇದೆ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಅಂಥದೇ ದೇಸಿ ಆಟ ಕಲಿತು ಬೆಳೆದವರು. ಆಮೇಲೆ ಹೊಸ ನಿಯಮ ಕಲಿತು 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ನೀವೂ ಒಂದು ಸಂಜೆ ಕೂತು ಫಿಡೆಯ ನಿಯಮಗಳನ್ನು ಓದಿ. ಪಾನ್ ಕೊನೆಯ ಮನೆಗೆ ಹೋದಾಗ ಹೊಡೆಸಿಕೊಂಡ ಕಾಯಿಯನ್ನೇ ವಾಪಸ್ ತರಬೇಕು ಅನ್ನುವುದೂ ಮನೆಯ ನಿಯಮ. ನಿಮ್ಮ ರಾಣಿ ಬೋರ್ಡಿನ ಮೇಲೆ ಇದ್ದರೂ ಎರಡನೇ ರಾಣಿ ಮಾಡಬಹುದು.

ಈಗ ಕಣ್ಣಿನ ಮಾತು. ಫೋನಿನಲ್ಲಿ ಬೋರ್ಡನ್ನು ಮೇಲಿನಿಂದ ನೋಡುತ್ತೀರಿ. ಮೇಜಿನ ಮುಂದೆ ಕೂತರೆ ಓರೆಯಾಗಿ ಕಾಣುತ್ತದೆ, ಎದುರು ಮೂಲೆಯಲ್ಲಿರುವ ಒಂಟೆ ರಾಜನ ಹಿಂದೆ ಮರೆಯಾಗಿಬಿಡುತ್ತದೆ. ನನಗೆ ಇದು ಹೊಂದಿಕೊಳ್ಳಲು ಮೂರು ವಾರ ಹಿಡಿಯಿತು. ದಿನಾ ಐದಾರು ಪಜಲ್ ಬಿಡಿಸಿ, ಆದರೆ ಫೋನಿನಲ್ಲಿ ಬೇಡ. ಕಾಯಿಗಳನ್ನು ಬೋರ್ಡಿನ ಮೇಲೆ ಜೋಡಿಸಿಕೊಂಡು, ಮುಟ್ಟದೆ ಬಿಡಿಸಿ. ಜೋಡಿಸುವುದೇ ಬೇಜಾರು ಅನಿಸುತ್ತದೆ. ಆ ಜೋಡಿಸುವ ಕೆಲಸವೇ ಕಣ್ಣನ್ನು ತಯಾರು ಮಾಡುತ್ತದೆ.

ಕ್ಲಾಸಿಕಲ್ ಆಟವಾದರೆ ಎರಡೂ ಕಡೆಯ ನಡೆಗಳನ್ನು ಬರೆಯಬೇಕು. ಮೊದಲು ನಡೆಸಿ, ಆಮೇಲೆ ಬರೆಯಿರಿ. ಮೊದಲೇ ಬರೆದುಕೊಂಡು ನಡೆಸುವುದಕ್ಕೆ ಅನುಮತಿ ಇಲ್ಲ. ಕಪ್ಪು ಕಾಯಿ ಬಂದಾಗ ಮನೆಗಳ ಹೆಸರು (e4, d5 ಅಂಥವು) ಉಲ್ಟಾ ಕಾಣುತ್ತವೆ, ಅಲ್ಲಿ ತಡವರಿಸುತ್ತೀರಿ. ಅದಕ್ಕೇ ಭಾನುವಾರದ ಆಟಗಳಲ್ಲಿ ಕಪ್ಪು ಕಾಯಿ ಜಾಸ್ತಿ ತೆಗೆದುಕೊಳ್ಳಿ. ರಾಪಿಡ್ ಆದರೆ, ಅಂದರೆ ಒಬ್ಬೊಬ್ಬರಿಗೆ 10 ನಿಮಿಷಕ್ಕಿಂತ ಜಾಸ್ತಿ, 60ಕ್ಕಿಂತ ಕಡಿಮೆ ಇದ್ದರೆ, ಬರೆಯುವ ಕಡ್ಡಾಯ ಇಲ್ಲ.

ಓದುವುದಿದ್ದರೆ ಎಂಡ್‌ಗೇಮ್, ಅಂದರೆ ಕೆಲವೇ ಕಾಯಿ ಉಳಿದ ಕೊನೆಯ ಹಂತ, ಓದಿ. ರಾಜ ಮತ್ತು ಒಂದು ಪಾನ್ ಉಳಿದಾಗ ಏನು ಮಾಡಬೇಕು, ಆನೆ ಮತ್ತು ರಾಜನಿಂದ ಮೇಟ್ ಹೇಗೆ, ಇಷ್ಟು ನಿದ್ದೆಯಲ್ಲೂ ಬರಬೇಕು.

ಜೋಡಿ ಹಾಕುವ ರೀತಿ ತಿಳಿದಿದ್ದರೆ ಮನಸ್ಸು ಹಗುರಾಗುತ್ತದೆ. ಸಾಮಾನ್ಯವಾಗಿ ಸ್ವಿಸ್ ಪದ್ಧತಿ ಇರುತ್ತದೆ, ಸೋತರೂ ಹೊರಗೆ ಹೋಗುವುದಿಲ್ಲ. 100 ಜನ ಇದ್ದರೆ ಮೊದಲ ಸುತ್ತಿನಲ್ಲಿ 1ನೇ ನಂಬರಿಗೆ 51, 2ಕ್ಕೆ 52, ಹೀಗೆ. ರೇಟಿಂಗ್ ಇಲ್ಲದ ನೀವು ಪಟ್ಟಿಯ ಕೆಳಗಿರುತ್ತೀರಿ, ಆದ್ದರಿಂದ ಮೊದಲ ಸುತ್ತಿನಲ್ಲಿ ನಿಮಗಿಂತ ಗಟ್ಟಿ ಆಟಗಾರ ಸಿಗುವುದೇ ಸಹಜ. ಆಮೇಲೆ ಸಮ ಅಂಕ ಇರುವವರ ಜೊತೆ ಜೋಡಿ ಬೀಳುತ್ತದೆ. ಮೊದಲ ಆಟ ಸೋತು ಬ್ಯಾಗ್ ಹಿಡಿದು ಊರಿಗೆ ಹೋದವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ನಿಜವಾದ ಟೂರ್ನಮೆಂಟ್ ಎರಡನೇ ಸುತ್ತಿನಿಂದ ಶುರುವಾಗುತ್ತದೆ. ಎದುರಿಗೆ ಚಿಕ್ಕ ಮಕ್ಕಳು ಬಂದರೆ ದೊಡ್ಡವರ ಜೊತೆ ಆಡುವಷ್ಟೇ ಎಚ್ಚರದಿಂದ ಆಡಿ.

ತಪ್ಪು ನಡೆದರೆ ಅಲ್ಲೇ ಕುಸಿಯಬೇಡಿ. 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಆಟ ಡ್ರಾ ಆಗುವಂತೆ ಕಾಣುತ್ತಿತ್ತು. ಆಗ ಚಾಂಪಿಯನ್ ಆಗಿದ್ದ ಚೀನಾದ ಡಿಂಗ್ ಲಿರೆನ್ ಆನೆಯನ್ನು ತಪ್ಪು ಮನೆಗೆ ನಡೆಸಿದರು. ಎದುರಿಗಿದ್ದ 18 ವರ್ಷದ ಗುಕೇಶ್ ಗೆದ್ದು ಚಾಂಪಿಯನ್ ಆದರು. ಅಂಥವರಿಗೂ ಸುಸ್ತಾಗುತ್ತದೆ, ನಮಗೂ ಆಗುತ್ತದೆ. ಎದುರಾಳಿಗೂ ಆಗುತ್ತದೆ, ಅದಕ್ಕೇ ಸೋಲುತ್ತಿರುವ ಆಟವನ್ನೂ ಬೇಗ ಬಿಟ್ಟುಕೊಡಬೇಡಿ.

ಡ್ರಾ ಕೇಳುವುದಾದರೆ ನಡೆ ಮಾಡಿ, ಬಾಯಿಬಿಟ್ಟು ಕೇಳಿ, ಆಮೇಲೆ ಗಡಿಯಾರ ಒತ್ತಿ. ಯಾವುದೇ ತಕರಾರು ಬಂದರೂ ಎದುರಾಳಿಯ ಜೊತೆ ಮಾತು ಬೆಳೆಸಬೇಡಿ. ಗಡಿಯಾರ ನಿಲ್ಲಿಸಿ ಕೈ ಎತ್ತಿ, ಆರ್ಬಿಟರ್ ಬರುತ್ತಾರೆ. ಕೇಳಲು ನಾಚಿಕೆ ಬೇಡ, ಅವರು ಇರುವುದೇ ಅದಕ್ಕೆ. ಫೋನು, ಸ್ಮಾರ್ಟ್ ವಾಚು ಹಾಲ್ ಒಳಗೆ ತರಲೇಬೇಡಿ. ಆಟದ ನಡುವೆ ಜೇಬಿನಲ್ಲಿ ಫೋನು ಮೊಳಗಿದರೆ ಆಟ ಹೋಯಿತು ಅಂತಲೇ ತಿಳಿಯಿರಿ.

ಹಿಂದಿನ ದಿನ ಸಂಜೆಯೇ ಬಳ್ಳಾರಿಗೆ ಬಂದುಬಿಡಿ. ನಾನು ಮಾಡಿದ ಹಾಗೆ ನಿದ್ದೆಗೆಟ್ಟು ಹಾಲ್‌ಗೆ ಹೋಗಬೇಡಿ. ಇಲ್ಲಿಗೆ ಬಂದವರು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನದೆ ಹೋಗಬಾರದು, ಆದರೆ ಅದು ಕೊನೆಯ ಸುತ್ತು ಮುಗಿದ ಮೇಲೆ. ಸುತ್ತುಗಳ ನಡುವೆ ಮೊಸರನ್ನ, ಬಾಳೆಹಣ್ಣು ಸಾಕು. ನಮ್ಮ ಬಿಸಿಲು ನಿಮಗೂ ಹೊಸದಲ್ಲ, ನೀರಿನ ಬಾಟಲಿ ಕೈಯಲ್ಲೇ ಇರಲಿ. ಪೆನ್ನು ಎರಡು ತನ್ನಿ. ಫ್ಯಾನಿನ ಗಾಳಿಗೆ ನಡೆ ಬರೆಯುವ ಸ್ಕೋರ್‌ಶೀಟ್ ಹಾರುತ್ತದೆ, ಎರಡನೇ ಪೆನ್ನನ್ನು ಅದರ ಮೇಲೆ ಇಡಬಹುದು.

ಆಟ ಮುಗಿದ ಮೇಲೆ ಫಲಿತಾಂಶ ಬರೆದು ಇಬ್ಬರೂ ಸಹಿ ಮಾಡಿ, ಕಾಯಿ ಮತ್ತೆ ಜೋಡಿಸಿ. ಆಮೇಲೆ ಎದುರಾಳಿಯನ್ನು ಕೇಳಿ, "ಹೊರಗೆ ಕೂತು ಒಂದು ಸಲ ನೋಡೋಣವಾ?" ಅಂತ. ಬೆಂಗಳೂರಿನ ಆ ಹುಡುಗ ನನ್ನ ಜೊತೆ ಮೆಟ್ಟಿಲ ಮೇಲೆ ಕೂತು ಅರ್ಧ ಗಂಟೆ ಆಟ ತೋರಿಸಿದ. ಕುದುರೆಯ ಬದಲು ಒಂಟೆ ನಡೆಸಿದ್ದರೆ ನಾನೇ ಗೆಲ್ಲುತ್ತಿದ್ದೆ ಅಂತ ಹೇಳಿದ್ದೂ ಅವನೇ. ಆ ಸ್ಕೋರ್‌ಶೀಟ್ ಇನ್ನೂ ನನ್ನ ಹತ್ತಿರ ಇದೆ.